ದೇವನಹಳ್ಳಿಯ ಕಲ್ಮಷಶೋಧನೆ

ದೇವನಹಳ್ಳಿಯೆಂದೊಡನೆ ಕೋಟೆಯೂ ಟಿಪ್ಪುವಿನ ಜನನವೂ ಚಕ್ಕೋತದ ಹಣ್ಣೂ ನಮ್ಮ ಸ್ಮರಣೆಗೆ ಬರುವುವು. ಆ ಊರಿನ ಚರಿತ್ರೆಯಲ್ಲಿ ಮತ್ತೊಂದು ಪ್ರಕರಣವುಂಟು. ಅದನ್ನು ಹೇಳಲು ಸಂಕೋಚಪಡುವವರೇ ಹೆಚ್ಚು. 2011ರ ಜನಗಣತಿಯಲ್ಲಿ ಸುಮಾರು 28,000 ಜನರಿದ್ದ ಈ ಪಟ್ಟಣಕ್ಕೆ ಆಗ ಒಳಚರಂಡಿಯಿರಲಿಲ್ಲ. ಮನೆಗಳ ಕಕ್ಕಸುಗುಂಡಿಗಳು ತುಂಬಿದಾಗ ಲಾರಿಗಳು ಕಲ್ಮಷವನ್ನು ಹೀರಿಕೊಂಡು ಹೋಗಿ ಹೊಲದಲ್ಲಿಯೋ ಬಯಲಿನಲ್ಲಿಯೋ ಸುರಿಯುತ್ತಿದ್ದುವು. ಮನೆಯಿಂದ ಹೊರಗೆ ಹೋದುದು ಊರಿನಿಂದಲೂ ಹೋಯಿತೆಂಬುದು ಭ್ರಮೆಯೇ ಸರಿ. ನೆಲಕ್ಕಿಳಿದ ಮಲಿನವು ಬಾವಿಯ ನೀರನ್ನು ಸೇರಬಲ್ಲುದು.

2015ರಲ್ಲಿ ಪುರಸಭೆಯೂ ಬೆಂಗಳೂರಿನ ಸಿ.ಡಿ.ಡಿ. ಸೊಸೈಟಿಯೂ ಕೂಡಿ ಇಲ್ಲಿ ಕಲ್ಮಷಶೋಧನಾಲಯವೊಂದನ್ನು ಸ್ಥಾಪಿಸಿದುವು. ದಿನಕ್ಕೆ 6,000 ಲೀಟರು ಅದರ ಸಾಮರ್ಥ್ಯ. ಅಲ್ಲಿ ಏರ್ಪಡಿಸಿದ ಕ್ರಮವು ಇಂತಿದ್ದಿತು: ಕಲ್ಮಷವು ಮೊದಲು ಮುಚ್ಚಿದ ತೊಟ್ಟಿಗಳಲ್ಲಿ ಗಾಳಿಯಾಡದೆ ಕೊಳೆತು, ಬಳಿಕ ಮರಳಿನ ಹಾಸುಗಳ ಮೇಲೆ ಒಣಗುವುದು, ಬಸಿದ ನೀರು ಜಲ್ಲಿಯಲ್ಲಿ ಬೆಳೆಸಿದ ಗಿಡಗಳ ಬೇರುಗಳ ನಡುವೆ ಸೋಸಿ ಬರುವುದು. ಒಣಗಿದುದನ್ನು ಹಸಿಕಸದೊಡನೆ ಬೆರೆಸಿ ರಾಶಿಹಾಕಿದರೆ, ಅದರ ಕಾವಿಗೆ ರೋಗಾಣುಗಳು ಸತ್ತು, ಉಳಿದುದು ಹೊಲಕ್ಕೆ ಗೊಬ್ಬರವಾಗುವುದು.

ಮನುಷ್ಯನ ಕೈಯಿಂದ ಮಲವನ್ನು ಎತ್ತಿಸಕೂಡದೆಂದು 2013ರ ಕಾನೂನು ವಿಧಿಸಿತು. ಆದರೆ ಲಾರಿಯು ಹೋಗಿ ನಿಲ್ಲುವುದಕ್ಕೆ ಯೋಗ್ಯವಾದ ಸ್ಥಳವಿಲ್ಲದಿದ್ದರೆ ಆ ಭಾರವು ನೆರೆಯವನ ಹೊಲಕ್ಕೂ ಬಾವಿಗೂ ವರ್ಗವಾಗುವುದಷ್ಟೆ. ಒಳಚರಂಡಿಗಾಗಿ ಕಾಯುತ್ತ ಕುಳಿತಿರುವ ಸಣ್ಣ ಊರುಗಳು ಈ ಪ್ರಕರಣವನ್ನು ಸಂಕೋಚವಿಲ್ಲದೆ ಓದುವುದು ಲೇಸು.