ಒಂದು ಗಂಟೆಯ ಎರವಲು ಮತ್ತು ಮದ್ದಗಿರಿಯ ಶಾಸನಗಳು

ಕಳೆದ ಸಲ ಬಲಸಮುದ್ರಕ್ಕೆ ಹೋದಾಗ ಅಪ್ಪ ಒಂದು ಕೆಲಸ ಹಚ್ಚಿದರು. "ಮಧುಗಿರಿ ಸೀಮೆ ಶಾಸನಗಳೆಲ್ಲ ರೈಸ್ ಸಾಹೇಬರ ಪುಸ್ತಕದಲ್ಲಿವೆಯಲ್ಲೋ, ನಿನ್ನ ಕಂಪ್ಯೂಟರಲ್ಲಿ ಸಿಗುತ್ತೇನು ನೋಡು." ಅಪ್ಪ ಮೇಷ್ಟ್ರಾಗಿ ನಿವೃತ್ತರಾದವರು. ಹತ್ತು ನಿಮಿಷದ ಕೆಲಸ ಅಂದುಕೊಂಡು ಕೂತೆ. ಮೂರು ದಿನ ಹಿಡಿಯಿತು! ನಿಮ್ಮಲ್ಲಿ ಹಲವರಿಗೂ ಹೀಗೆ ಆಗಿರುತ್ತದೆ. ಆ ಮೂರು ದಿನದ ಪಾಡಿನ ಜೊತೆಗೆ, ಅದರ ಹಿಂದಿರುವ ಚರಿತ್ರೆಯನ್ನೂ ಒಂದಿಷ್ಟು ಹೇಳುತ್ತೇನೆ.

ಬಿ.ಎಲ್. ರೈಸ್ 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವರು. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿ ಊರೂರಿನ ಕಲ್ಲು, ತಾಮ್ರಪಟಗಳ ಪ್ರತಿ ಮಾಡಿಸಿ 'ಎಪಿಗ್ರಾಫಿಯ ಕರ್ನಾಟಿಕ' ಎಂಬ ಸಂಪುಟಮಾಲೆ ತಂದರು. 1886ರಲ್ಲಿ ಕೊಡಗಿನದು ಮೊದಲು ಬಂತು. ಹನ್ನೆರಡನೆಯದು ನಮ್ಮ ತುಮಕೂರು ಜಿಲ್ಲೆಯದು, 1904ರಲ್ಲಿ. ಒಟ್ಟು ಒಂಬತ್ತು ಸಾವಿರದ ಹತ್ತಿರ ಶಾಸನಗಳು. ಪ್ರತಿ ಶಾಸನದ ಪಾಠ ಇಂಗ್ಲಿಷ್ ಅಕ್ಷರದಲ್ಲೂ ಇದೆ, ಕನ್ನಡ ಅಕ್ಷರದಲ್ಲೂ ಇದೆ. ಜೊತೆಗೆ ಇಂಗ್ಲಿಷ್ ಅನುವಾದ. ಅಪ್ಪನಿಗೆ ಬೇಕಾಗಿದ್ದು ಆ ಕನ್ನಡ ಪಾಠ.

ಮೊದಲ ದಿನ ಹೋಗಿದ್ದು ಬರೀ ಹುಡುಕಾಟದಲ್ಲಿ. 'ಮಧುಗಿರಿ' ಅಂತ ಹೊಡೆದರೆ ಶೂನ್ಯ. ಕನ್ನಡದಲ್ಲಿ ಹೊಡೆದರೂ ಅಷ್ಟೆ, ಇಂಗ್ಲಿಷಿನಲ್ಲಿ ಹೊಡೆದರೂ ಅಷ್ಟೆ. ಸಂಜೆ ಅಪ್ಪನೇ ಬಾಯಿಬಿಟ್ಟರು: "ಅಯ್ಯೋ, ಆಗ ಅದು ಮದ್ದಗಿರಿ ಕಣೋ!" ಹೌದು, ರೈಸ್ ಸಂಪುಟದಲ್ಲಿ ಇರುವುದು ಮದ್ದಗಿರಿ. ಕೊರಟಗೆರೆ ಹೆಸರಿನ ತಾಲ್ಲೂಕು ಅದರಲ್ಲಿ ಇಲ್ಲವೇ ಇಲ್ಲ. ಶಿರಾ, ಪಾವಗಡಗಳಿಗೆ ಮಾತ್ರ ಬೇರೆ ಬೇರೆ ಭಾಗಗಳಿವೆ. ಇದನ್ನೆಲ್ಲ ಹಳಬರೊಬ್ಬರು ಪಕ್ಕದಲ್ಲಿ ಕೂತು ಹೇಳಬೇಕು. ಹುಡುಕುವ ಪೆಟ್ಟಿಗೆಗೆ ಎಲ್ಲಿ ಗೊತ್ತಾಗಬೇಕು?

ಈ ಹುಡುಕಾಟದ ತಲೆನೋವು ಇಂದಿನದಲ್ಲ. 2000ದ ದಶಕದ ಶುರುವಿನಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ರಾಜ್ ರೆಡ್ಡಿಯವರು ಹತ್ತು ಲಕ್ಷ ಪುಸ್ತಕಗಳನ್ನು ಸ್ಕ್ಯಾನ್ ಮಾಡುವ ಯೋಜನೆ ಹೊರಡಿಸಿದರು. ನಮ್ಮ ದೇಶದ ಪಾಲನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ನೋಡಿಕೊಂಡಿತು. ಅದೇ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ. ಬರಹ, ನುಡಿ ಹಾಕಿಕೊಂಡು ಕನ್ನಡ ಟೈಪು ಕಲಿಯುತ್ತಿದ್ದ ನಮಗೆ ಅದೊಂದು ಹಬ್ಬ. ಆದರೆ ಬಳಸಿದವರಿಗೆ ನೆನಪಿರಬೇಕು: ಪುಟಕ್ಕೊಂದು ಟಿಫ್ ಚಿತ್ರ, ಅದನ್ನು ತೆರೆಯಲು ಬ್ರೌಸರಿಗೆ ಬೇರೆ ಪ್ಲಗಿನ್ನು, ಒಂದು ಪುಟ ಇಳಿಯುವಷ್ಟರಲ್ಲಿ ಕಾಫಿ ಕುಡಿದು ಬರಬಹುದಿತ್ತು :) ಕನ್ನಡ ಪುಸ್ತಕಗಳ ಹೆಸರೆಲ್ಲ ಇಂಗ್ಲಿಷ್ ಅಕ್ಷರದಲ್ಲಿ, ಟೈಪು ಮಾಡಿದವರ ಮನಸ್ಸಿಗೆ ಬಂದ ಕಾಗುಣಿತದಲ್ಲಿ. 'ಶಾಸನ' ಎನ್ನಲು ಒಂದು ಕಡೆ ಒಂದು 'ಎ', ಇನ್ನೊಂದು ಕಡೆ ಎರಡು. ಪುಸ್ತಕ ಇತ್ತು, ಆದರೆ ಇದ್ದದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಕ್ಕುಸ್ವಾಮ್ಯದ ತಕರಾರಿನ ನಡುವೆ 2017ರ ಹೊತ್ತಿಗೆ ಆ ತಾಣವೂ ಮುಚ್ಚಿತು. ಕಾರ್ಲ್ ಮಾಲಮುಡ್ ಎಂಬ ಅಮೆರಿಕದ ಮನುಷ್ಯ ಅಷ್ಟರಲ್ಲಿ ಅಲ್ಲಿಂದ ನಾಲ್ಕು ಲಕ್ಷಕ್ಕೂ ಹೆಚ್ಚು ಪುಸ್ತಕಗಳನ್ನು ಇಂಟರ್ನೆಟ್ ಆರ್ಕೈವಿಗೆ ಸಾಗಿಸಿದ್ದರು. ಹಳೆಯ ಕಾಗುಣಿತಗಳೂ ಜೊತೆಗೇ ಹೋದವು ಅನ್ನಿ.

ನನ್ನ ಎರಡನೇ ದಿನ ಒಂದು ಎರವಲು ತಾಣದಲ್ಲಿ ಕಳೆಯಿತು. ಹೆಸರು ಬೇಡ. ಅಲ್ಲಿ ಸಂಪುಟವೇನೋ ಸಿಕ್ಕಿತು. ಆದರೆ ಅದು ಯಾವುದೋ ಮರುಮುದ್ರಣ, ಹೊಸ ಇಸವಿ ಇದ್ದದ್ದರಿಂದ ಬೀಗ. ಖಾತೆ ತೆರೆ, ಗುಟ್ಟುಪದ ಹಾಕು, ಫೋನಿಗೆ ಬರುವ ಸಂಖ್ಯೆ ತುಂಬು... ನಮ್ಮೂರಲ್ಲಿ ಆ ಸಂಖ್ಯೆ ಬರಬೇಕಾದರೆ ಮಾಳಿಗೆ ಹತ್ತಬೇಕು. ಕೊನೆಗೆ ಒಂದು ಗಂಟೆಗೆ ಎರವಲು ಸಿಕ್ಕಿತು. ಅಪ್ಪ ಭೂತಕನ್ನಡಿ ಹಿಡಿದು ಕೂತರು. ಹಳಗನ್ನಡದ ಒಂದೊಂದು ಸಾಲನ್ನೂ ಬಾಯಲ್ಲಿ ಹೇಳಿಕೊಂಡು, ಪದ ಬಿಡಿಸಿಕೊಂಡು ಓದುವ ಮನುಷ್ಯ. ಎರಡು ಶಾಸನ ಮುಗಿದು ಮೂರನೆಯದರ ನಡುವಿನಲ್ಲಿದ್ದಾಗ ಪರದೆ ಮಸುಕಾಯಿತು. ಸಮಯ ಮುಗಿಯಿತಂತೆ. ಮತ್ತೆ ತೆಗೆದುಕೊಳ್ಳೋಣ ಅಂದರೆ ಅಷ್ಟರಲ್ಲಿ ಇನ್ಯಾರೋ ತೆಗೆದುಕೊಂಡಿದ್ದರು. "ಯಾರೋ ಕೈಯಿಂದ ಕಿತ್ತುಕೊಂಡ ಹಾಗಾಯ್ತಲ್ಲೋ" ಅಂದರು ಅಪ್ಪ. ನನಗೆ ಏನು ಹೇಳಲೂ ತೋಚಲಿಲ್ಲ. ಅವರ ಕಾಲದ ಲೈಬ್ರರಿಯಲ್ಲಿ ಪುಸ್ತಕದ ಹಿಂದೆ ತಾರೀಖಿನ ಚೀಟಿ ಇರುತ್ತಿತ್ತು. ಅವಧಿ ಮೀರಿದರೆ ಲೈಬ್ರರಿಯವರು ದಾರಿಯಲ್ಲಿ ಸಿಕ್ಕಾಗ "ಮೇಷ್ಟ್ರೇ, ಪುಸ್ತಕ..." ಅಂತ ನೆನಪಿಸುತ್ತಿದ್ದರು, ಅಷ್ಟೇ.

ಸಾವಿರ ಜನ ಒಟ್ಟಿಗೆ ಓದಬಹುದಾದ ಕಡತಕ್ಕೆ ಸರದಿ ಯಾಕೆ? ಗ್ರಂಥಾಲಯದ ಬಳಿ ಕಾಗದದ ಪ್ರತಿ ಎಷ್ಟಿದೆಯೋ ಅಷ್ಟೇ ಜನಕ್ಕೆ ಒಮ್ಮೆಗೆ ಕೊಡುವುದು ಎಂಬ ಕಟ್ಟುಪಾಡು ಇದರ ಹಿಂದಿದೆ. ಇಂಟರ್ನೆಟ್ ಆರ್ಕೈವ್ 2020ರ ಮಾರ್ಚಿನಲ್ಲಿ, ಕೊರೋನಾಕ್ಕೆ ಗ್ರಂಥಾಲಯಗಳೆಲ್ಲ ಬಾಗಿಲು ಹಾಕಿದ್ದಾಗ, ಈ ಸರದಿಯನ್ನು ತೆಗೆದುಹಾಕಿತು. ಜೂನಿನಲ್ಲಿ ಅಶೆಟ್ ಮೊದಲಾದ ನಾಲ್ಕು ಪ್ರಕಾಶನ ಸಂಸ್ಥೆಗಳು ನ್ಯಾಯಾಲಯಕ್ಕೆ ಹೋದವು. 2023ರಲ್ಲಿ ತೀರ್ಪು ಪ್ರಕಾಶಕರ ಕಡೆಗೆ ಬಂತು, 2024ರಲ್ಲಿ ಮೇಲ್ಮನವಿಯೂ ಬಿತ್ತು. ಸರದಿ ಇಟ್ಟುಕೊಂಡು ಕೊಡುವುದೂ ತಪ್ಪೆಂದಾಯಿತು. ಐದು ಲಕ್ಷ ಪುಸ್ತಕಗಳು ಎರವಲಿನಿಂದ ಹೊರಬಿದ್ದವು. ಪ್ರಕಾಶಕರ ಲೆಕ್ಕವೇ ಬೇರೆ. ಹಾರ್ಪರ್‌ಕಾಲಿನ್ಸ್ 2011ರಲ್ಲಿ, ಒಂದು ಇ-ಪುಸ್ತಕ 26 ಸಲ ಎರವಲು ಹೋದಮೇಲೆ ಗ್ರಂಥಾಲಯ ಮತ್ತೆ ಹಣ ಕೊಡಬೇಕೆಂದು ನಿಯಮ ಮಾಡಿತು. 26ಕ್ಕೆ ಸವೆಯುವ ಪುಸ್ತಕ! ಬರೆದವರ ಹೊಟ್ಟೆಪಾಡಿನ ಮಾತು ನನಗೂ ಅರ್ಥವಾಗುತ್ತದೆ, ಇಂದಿನ ಲೇಖಕರ ಪುಸ್ತಕ ಪುಕ್ಕಟೆ ಹಂಚಿ ಅಂತ ನಾನು ಹೇಳಲಾರೆ.

ಆದರೆ ಮದ್ದಗಿರಿಯ ಕಲ್ಲುಗಳಿಗೂ ಈ ಜಗಳಕ್ಕೂ ಏನು ಸಂಬಂಧ? ರೈಸ್ ತೀರಿಕೊಂಡದ್ದು 1927ರಲ್ಲಿ. ನಮ್ಮ ಕಾಯಿದೆಯಲ್ಲಿ ಲೇಖಕರು ಸತ್ತ ಮೇಲೆ 60 ವರ್ಷ, ಸರ್ಕಾರಿ ಪ್ರಕಟಣೆಯಾದರೆ ಅಚ್ಚಾದ ಮೇಲೆ 60 ವರ್ಷ. ಹೇಗೆ ಎಣಿಸಿದರೂ ಆ ಹಕ್ಕು ಎಂದೋ ಮುಗಿದಿದೆ. ಅಮೆರಿಕದ ಹಾಥಿಟ್ರಸ್ಟ್ ತಾಣದ ನಿಯಮ ನೋಡಿ: ಅಮೆರಿಕದಲ್ಲಿ ಕೂತವರಿಗೆ 1904ರ ಪುಸ್ತಕ ತೆರೆದುಕೊಳ್ಳುತ್ತದೆ. ನಮ್ಮಂಥ ಹೊರಗಿನವರಿಗೆ, ಅಮೆರಿಕದಾಚೆ ಅಚ್ಚಾದ ಪುಸ್ತಕವಾದರೆ, ಸಾಮಾನ್ಯವಾಗಿ 140 ವರ್ಷ ತುಂಬಿರಬೇಕು. ಆ ಲೆಕ್ಕದಲ್ಲಿ ಬಲಸಮುದ್ರದವರು 2044ರವರೆಗೆ ಕಾಯಬೇಕು. ಅಪ್ಪನಿಗೆ ಇದನ್ನು ಹೇಳಿದರೆ ನಕ್ಕರು. ಕಲ್ಲು ಕೆತ್ತಿಸಿದವರು ಅದನ್ನು ನಿಲ್ಲಿಸಿದ್ದು ದೇವಸ್ಥಾನದ ಮುಂದೆ, ಕೆರೆ ಏರಿಯ ಮೇಲೆ... ಹೋಗಿ ಬರುವವರು ಓದಲಿ ಅಂತಲೇ ಅಲ್ಲವೇ.

ಮೂರನೇ ದಿನ, ಮಾಲಮುಡ್ ಸಾಗಿಸಿದ ರಾಶಿಯಲ್ಲಿ, ವಿಚಿತ್ರ ಕಾಗುಣಿತದ ಹೆಸರಿನಡಿ ಹಳೆಯ ಪ್ರತಿಯೇ ಸಿಕ್ಕಿತು. ಬೀಗವಿಲ್ಲ, ಗಡಿಯಾರವಿಲ್ಲ. ಮದ್ದಗಿರಿ ಭಾಗದ ಕನ್ನಡ ಪುಟಗಳನ್ನಷ್ಟೇ ಪೆನ್‌ಡ್ರೈವಿಗೆ ಹಾಕಿಕೊಂಡು ಮಧುಗಿರಿಯ ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡಕ್ಷರದಲ್ಲಿ ತೆಗೆಸಿ, ಬೈಂಡ್ ಮಾಡಿಸಿ ತಂದೆ. ಅಪ್ಪ ಮೊದಲ ಪುಟದಲ್ಲಿ ತಮ್ಮ ಹೆಸರು, ತಾರೀಖು ಬರೆದರು. ಒಂದು ವಾರ ಓದಿದರು.

ಮೊನ್ನೆ ಫೋನಿನಲ್ಲಿ ಎಲ್ಲಿಗೆ ಬಂತು ಓದು ಅಂತ ಕೇಳಿದೆ. ಪುಸ್ತಕ ಈಗ ಮನೆಯಲ್ಲಿಲ್ಲವಂತೆ. ಪಕ್ಕದ ಬೀದಿಯ ಶಾನುಭೋಗರ ಮನೆಯವರು ನೋಡಿ ಕೊಡುತ್ತೇನೆ ಅಂತ ಒಯ್ದಿದ್ದಾರೆ. ಯಾವಾಗ ವಾಪಸು ಕೊಡ್ತಾರೆ ಅಂದೆ.

"ಕೊಡ್ತಾರೆ ಬಿಡೋ, ಓದಿ ಮುಗಿಸಲಿ."