ಎರಡು ಹನಿ, ಒಂದು ಕರುಳು (ಭಾಗ 3)

ತಿಪಟೂರಾಗಲಿ, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೋಟದ ಮನೆಯಾಗಲಿ, ನಮ್ಮ ವಯಸ್ಸಿನವರಿಗೆಲ್ಲ ಪೋಲಿಯೋ ಭಾನುವಾರ ಗೊತ್ತು: ಬಾಯಿಗೆ ಎರಡು ಹನಿ, ಕಿರುಬೆರಳಿಗೆ ಕಪ್ಪು ಗುರುತು.

ಆದ್ರೆ ಅಷ್ಟೊಂದು ಸಲ ಯಾಕೆ ಹಾಕ್ತಿದ್ರು?

ಹನಿಯಲ್ಲಿರೋದು ಬಲ ಕುಗ್ಗಿಸಿದ ಜೀವಂತ ವೈರಸ್. ಅದು ಮಗುವಿನ ಕರುಳಲ್ಲಿ ಬೆಳೆದ್ರೆ ಮಾತ್ರ ರಕ್ಷಣೆ. ಕೊಳಕು ನೀರು, ಬಯಲು ಶೌಚ, ಪದೇಪದೇ ಭೇದಿ ಇರೋ ಕಡೆ ಕರುಳಲ್ಲಿ ಬೇರೆ ರೋಗಾಣುಗಳು ಮೊದಲೇ ಬೀಡುಬಿಟ್ಟಿರುತ್ತವೆ. ಹನಿ ನಾಟೋದೇ ಕಷ್ಟ. ಶ್ರೀಮಂತ ದೇಶಗಳಲ್ಲಿ ಸಾಕಾಗೋ ಮೂರು ಡೋಸ್ ಇಲ್ಲಿ ಸಾಲದು ಅಂತ ವೆಲ್ಲೂರಿನ ಡಾ. ಟಿ. ಜೇಕಬ್ ಜಾನ್ 1970ರ ದಶಕದಲ್ಲೇ ತೋರಿಸಿದ್ದರು.

ಉತ್ತರ ಪ್ರದೇಶದಲ್ಲಿ ಟೈಪ್ 1 ಪೋಲಿಯೋ ವಿರುದ್ಧ ಒಂದು ಡೋಸ್ ಫಲ ಕೊಟ್ಟಿದ್ದು ಸುಮಾರು 9% ಅಷ್ಟೇ. ಬಿಕಾಂನವರು ಲೆಕ್ಕ ಹಾಕಿ: ಏಳು ಡೋಸ್ ಆದಮೇಲೂ ನೂರರಲ್ಲಿ 52 ಮಕ್ಕಳಿಗೆ ರಕ್ಷಣೆ ಇಲ್ಲ! ಹನಿ ಹಾಕಿಸಿದ ತಾಯಿಯದೇನು ತಪ್ಪು?

1995ರಲ್ಲಿ ಪಲ್ಸ್ ಪೋಲಿಯೋ ಶುರು. 2005ರಲ್ಲಿ ಒಂದೇ ಬಗೆಯ ವೈರಸ್‌ನ ಹೆಚ್ಚು ನಾಟೋ ಹನಿ, 2010ರಲ್ಲಿ ಎರಡು ಬಗೆಯದು. 2011ರ ಜನವರಿ 13, ಹೌರಾ: ದೇಶದ ಕೊನೆಯ ಕಾಡು ಪೋಲಿಯೋ ಪ್ರಕರಣ. 2014ರ ಮಾರ್ಚ್ 27ಕ್ಕೆ ಪೋಲಿಯೋ ಮುಕ್ತ.

ಈಗ ಅಂಗನವಾಡೀಲಿ ಹಾಕೋ ರೋಟಾ ಹನಿಗೂ ಇದೇ ಕಷ್ಟ. ಆದ್ರೂ ರೋಟಾ ವೈರಸ್‌ನಿಂದ ಬರೋ ತೀವ್ರ ಭೇದಿಯನ್ನ ಅರ್ಧಕ್ಕರ್ಧ ತಡೆಯುತ್ತೆ, ತಪ್ಪದೇ ಹಾಕಿಸಿ. ಜೊತೆಗೆ ಊರಿಗೆ ಶುದ್ಧ ನೀರು, ಶೌಚಾಲಯ ಕೇಳಿ. ಅದೂ ಲಸಿಕೆಯ ಪಾಲೇ.

#ನಮ್ತಿಪಟೂರು #ಕಲ್ಪತರುನಾಡು #ಇತಿಹಾಸ