ವಾಟರ್‌ಹೌಸ್‌ನ ರಿಪೇರಿಗಾರ

ಒಂದು ಹಾಡು ಇಷ್ಟವಾದರೆ ನಾವು ಗಾಯಕನನ್ನು ಹೊಗಳುತ್ತೇವೆ. ಹೆಚ್ಚೆಂದರೆ ಹಾಡು ಬರೆದವನನ್ನೂ ರಾಗ ಹಾಕಿದವನನ್ನೂ ನೆನೆಯುತ್ತೇವೆ. ಧ್ವನಿಮುದ್ರಣವಾದ ಮೇಲೆ ಗಾಯಕನ ದನಿ, ಡ್ರಮ್, ಗಿಟಾರು ಇವುಗಳಲ್ಲಿ ಯಾವುದು ಎಷ್ಟು ಕೇಳಿಸಬೇಕೆಂದು ತೀರ್ಮಾನಿಸಿದವನ ಹೆಸರು ನಮಗೆ ಗೊತ್ತಿರುವುದಿಲ್ಲ. ಮಿಕ್ಸಿಂಗ್ ಎಂಬ ಈ ಕೆಲಸವನ್ನು ಸ್ವತಂತ್ರ ಕಲೆಯ ಮಟ್ಟಕ್ಕೆ ಏರಿಸಿದವರಲ್ಲಿ ಜಮೈಕಾದ ಒಬ್ಬ ರೇಡಿಯೋ ರಿಪೇರಿಗಾರ ಪ್ರಮುಖರು. ಹೆಸರು ಓಸ್ಬರ್ನ್ ರಡಕ್. ಜಗತ್ತು ಅವರನ್ನು ಕಿಂಗ್ ಟಬ್ಬಿ ಎಂದು ಕರೆಯಿತು.

ರಡಕ್ ಹುಟ್ಟಿದ್ದು 1941ರಲ್ಲಿ, ಕಿಂಗ್‌ಸ್ಟನ್ ನಗರದಲ್ಲಿ. ಕಬ್ಬಿನ ತೋಟಗಳ ದುಡಿಮೆಗೆಂದು ಆಫ್ರಿಕಾದಿಂದ ಹೊತ್ತು ತಂದ ಗುಲಾಮರ ಸಂತತಿಯೇ ಆ ದ್ವೀಪದ ಬಹುಸಂಖ್ಯಾತ ಜನ. 1962ರಲ್ಲಿ ಸ್ವಾತಂತ್ರ್ಯ ಬಂದರೂ ಬಡತನ ತೊಲಗಲಿಲ್ಲ. ಬಡವರ ಬೀದಿಗಳಲ್ಲಿ ದೊಡ್ಡ ಸ್ಪೀಕರುಗಳನ್ನು ಪೇರಿಸಿ ರೆಕಾರ್ಡು ನುಡಿಸುವ 'ಸೌಂಡ್ ಸಿಸ್ಟಮ್'ಗಳೇ ಜನರ ಸಂಗೀತ ಸಭೆ. ಅವುಗಳ ಆಂಪ್ಲಿಫೈಯರುಗಳನ್ನು ರಿಪೇರಿ ಮಾಡುತ್ತಾ ರಡಕ್ ತಮ್ಮದೇ ಒಂದು ಸೌಂಡ್ ಸಿಸ್ಟಮ್ ಕಟ್ಟಿದರು.

1967-68ರ ಸುಮಾರಿಗೆ ಒಂದು ಆಕಸ್ಮಿಕ ನಡೆಯಿತು. ನೃತ್ಯಕೂಟಕ್ಕೆಂದು ಕೊರೆದ ಡಿಸ್ಕ್ ಒಂದರಲ್ಲಿ ಗಾಯಕರ ದನಿಯೇ ಬಿಟ್ಟುಹೋಗಿತ್ತು. ಅದನ್ನು ನುಡಿಸಿದಾಗ ನೆರೆದ ಜನರೇ ಹಾಡತೊಡಗಿದರು. ತಪ್ಪು ಬೇಡಿಕೆಯಾಗಿ ಬದಲಾಯಿತು. ಆ ಕಾಲದಲ್ಲಿ ಡಿಸ್ಕ್ ಕೊರೆಯುವ ಕೆಲಸದಲ್ಲಿದ್ದ ರಡಕ್, ದನಿಯನ್ನು ಪೂರ್ತಿ ಅಳಿಸುವ ಬದಲು ಅಲ್ಲಲ್ಲಿ ಬರಮಾಡಿ ಮಾಯ ಮಾಡಿದರೆ ಹೇಗೆ ಎಂದು ಯೋಚಿಸಿದರು.

1970ರ ದಶಕದ ಆರಂಭದಲ್ಲಿ ಕಿಂಗ್‌ಸ್ಟನ್ನಿನ ಡೈನಾಮಿಕ್ ಸೌಂಡ್ಸ್ ಸ್ಟುಡಿಯೋ ತನ್ನ ಹಳೆಯ ಎಂ.ಸಿ.ಐ. ಕನ್ಸೋಲನ್ನು ಮಾರಿತು. ಅದನ್ನು ಕೊಂಡ ರಡಕ್, ವಾಟರ್‌ಹೌಸ್ ಬಡಾವಣೆಯ ಮನೆಯಲ್ಲೇ ಸ್ಟುಡಿಯೋ ಮಾಡಿಕೊಂಡರು. ವಾದ್ಯವೃಂದ ಕೂರುವಷ್ಟು ಜಾಗ ಅಲ್ಲಿರಲಿಲ್ಲ. ಬೇರೆ ಸ್ಟುಡಿಯೋಗಳಲ್ಲಿ ಮುದ್ರಿಸಿದ ನಾಲ್ಕು ಟ್ರ್ಯಾಕಿನ ಟೇಪುಗಳು ಅವರ ಬಳಿಗೆ ಬರುತ್ತಿದ್ದವು. ಪ್ರತಿ ಟ್ರ್ಯಾಕಿಗೂ ಕನ್ಸೋಲಿನಲ್ಲಿ ಒಂದು ದಾರಿ. ಫೇಡರ್ ಇಳಿಸಿದರೆ ಗಿಟಾರು ಮಾಯ, ಡ್ರಮ್ಮೂ ಬೇಸೂ ಮಾತ್ರ ಉಳಿದವು. ದನಿಯ ಒಂದು ತುಣುಕನ್ನು ಟೇಪ್ ಯಂತ್ರದ ಮೂಲಕ ಹಾಯಿಸಿದರೆ ಅದು ಮತ್ತೆ ಮತ್ತೆ ಮರುದನಿಗೊಂಡು ಕರಗುತ್ತಿತ್ತು. ಕೆಳಸ್ವರಗಳನ್ನು ಸೋಸಿ ತೆಗೆಯುವ ಫಿಲ್ಟರಿನ ಗುಂಡಿ ತಿರುಗಿಸಿದರೆ ಸಂಗೀತವೇ ತೆಳುವಾಗಿ ಮೇಲಕ್ಕೆ ತೇಲಿದಂತಾಗುತ್ತಿತ್ತು. ಟೇಪು ಓಡುತ್ತಿರುವಾಗಲೇ ಇದೆಲ್ಲವೂ ಬೆರಳುಗಳಿಂದ ಆಗಬೇಕು. ಕೈತಪ್ಪಿದರೆ ಟೇಪನ್ನು ಹಿಂದಕ್ಕೆ ಸುತ್ತಿ ಮೊದಲಿನಿಂದ ಶುರು. ಈ ಶೈಲಿಯೇ 'ಡಬ್'.

ಈ ವಿದ್ಯೆ ಪಠ್ಯಪುಸ್ತಕದಿಂದ ಬರುವಂಥದ್ದಾಗಿರಲಿಲ್ಲ. ನಾವು ಉಸ್ತಾದ್-ಶಾಗಿರ್ದ್ ಎನ್ನುವಂಥ ಸಂಬಂಧವೇ ಅಲ್ಲಿ ಶಾಲೆ. ಲಾಯ್ಡ್ ಜೇಮ್ಸ್ ಎಂಬ 'ಪ್ರಿನ್ಸ್ ಜ್ಯಾಮಿ' ಅಲ್ಲಿ ಪಳಗಿ, ತಮ್ಮದೇ ಸ್ಟುಡಿಯೋ ತೆರೆದು 1985ರಲ್ಲಿ ಜಮೈಕಾದ ಸಂಗೀತವನ್ನು ಡಿಜಿಟಲ್ ಯುಗಕ್ಕೆ ತಿರುಗಿಸಿದರು. ಹೋಪ್ಟನ್ ಬ್ರೌನ್ ಎಂಬ ಹುಡುಗ ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರಿಗಾಗಿ ಬಂದು, ರಿಪೇರಿ ಕೆಲಸ ಮಾಡುತ್ತಾ ಕನ್ಸೋಲಿನ ಮುಂದೆ ಕುಳಿತು, 'ಸೈಂಟಿಸ್ಟ್' ಎಂದು ಪ್ರಸಿದ್ಧನಾದ. ಒಳಗಿನ ತಂತಿ ಬಲ್ಲವನಿಗೆ ಹೊರಗಿನ ಗುಂಡಿಯ ಅರ್ಥ ಬೇಗ ತಿಳಿಯುತ್ತದೆ.

1976ರಲ್ಲಿ ಆಗಸ್ಟಸ್ ಪಾಬ್ಲೋ ಅವರ ಆಲ್ಬಮ್ಮಿನ ಶೀರ್ಷಿಕೆಯಲ್ಲೇ ಕಿಂಗ್ ಟಬ್ಬಿಯ ಹೆಸರಿತ್ತು. ತೆರೆಮರೆಯ ಕೆಲಸಗಾರನಿಗೆ ಮುಖಪುಟ ದೊರೆತದ್ದು ಸಣ್ಣ ಸಂಗತಿಯಲ್ಲ. ಆದರೆ ಹೆಸರು ಬೇರೆ, ಹಕ್ಕು ಬೇರೆ. ಹಾಡಿನ ಒಡೆತನ ಸಾಮಾನ್ಯವಾಗಿ ನಿರ್ಮಾಪಕನ ಬಳಿಯೇ ಉಳಿಯುತ್ತಿತ್ತು. ಸೈಂಟಿಸ್ಟ್‌ನ 1981ರ ಆಲ್ಬಮ್ಮಿನ ಹಾಡುಗಳು 2001ರ ಒಂದು ಜನಪ್ರಿಯ ವಿಡಿಯೋ ಗೇಮಿನಲ್ಲಿ ಬಳಕೆಯಾದಾಗ ಹಕ್ಕಿನ ಜಗಳ ನ್ಯಾಯಾಲಯದ ಮೆಟ್ಟಿಲೇರಿತು. ಮಿಕ್ಸ್ ಮಾಡಿದವನು ಕೂಲಿಯವನೋ ಕರ್ತೃವೋ ಎಂಬುದೇ ಅಲ್ಲಿನ ಮೂಲ ಪ್ರಶ್ನೆ.

1989ರ ಫೆಬ್ರವರಿಯಲ್ಲಿ ಸ್ಟುಡಿಯೋದಿಂದ ಮರಳಿದ ಕಿಂಗ್ ಟಬ್ಬಿಯನ್ನು ಅವರ ಮನೆಯೆದುರೇ ಗುಂಡಿಕ್ಕಿ ಕೊಲ್ಲಲಾಯಿತು. ಅವರ ಕನ್ಸೋಲು ಮುಂದೆ ಅಮೆರಿಕದ ಸಿಯಾಟಲ್ ನಗರದ ವಸ್ತುಸಂಗ್ರಹಾಲಯ ಸೇರಿತು. ಯಂತ್ರವನ್ನು ಗಾಜಿನೊಳಗೆ ಇಟ್ಟು ಗೌರವಿಸುವುದು ಸುಲಭ. ಅದರ ಮೇಲೆ ಓಡಾಡಿದ ಬೆರಳುಗಳಿಗೆ ಬದುಕಿರುವಾಗಲೇ ಪಾಲು ಕೊಡುವುದು ಕಷ್ಟ. ಸಂಗೀತದ ಇತಿಹಾಸ ಬರೆಯುವವರು ಗಾಯಕರ ಹೆಸರಿನ ಪಕ್ಕದಲ್ಲಿ ಈ ರಿಪೇರಿಗಾರರ ಹೆಸರನ್ನೂ ಬರೆಯಬೇಕಾಗಿದೆ.